ಮೀನಿನ ತೊಟ್ಟಿಗೆ ಎಷ್ಟು ದೊಡ್ಡ ಏರ್ ಪಂಪ್ ಬೇಕು? ಲೀಟರ್ ಒಂದನ್ನೇ ನೋಡಿದರೆ ಸಾಲದು

ಬಿಸಿಲು ಜಾಸ್ತಿಯಾದ ದಿನಗಳಲ್ಲಿ ಬೆಳಗ್ಗೆ ಎದ್ದು ನೋಡಿದರೆ ಮೀನುಗಳೆಲ್ಲ ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿರುತ್ತವೆ. ಮನೆಯಲ್ಲಿ ಅಕ್ವೇರಿಯಂ ಇಟ್ಟವರಿಗೆ ಏರ್ ಪಂಪ್ ನೆನಪಾಗುವುದು ಹೆಚ್ಚಾಗಿ ಆಗಲೇ. ಕೊಳ್ಳಲು ಹೊರಟರೆ ಗೊಂದಲ ಶುರು. ಒಂದು ಡಬ್ಬದ ಮೇಲೆ '100 ಲೀಟರ್ ತೊಟ್ಟಿಗೆ' ಎಂದಿರುತ್ತದೆ. ಇನ್ನೊಂದರ ಮೇಲೆ 'ನಿಮಿಷಕ್ಕೆ 3 ಲೀಟರ್'. ಮತ್ತೊಂದರ ಮೇಲೆ '0.012 ಎಂಪಿಎ'. ಮೂರೂ ಪಂಪಿನ ಸೈಜನ್ನೇ ಹೇಳುತ್ತಿವೆ ಅಂತ ಅನಿಸುತ್ತದೆ. ಆದರೆ ಮೂರೂ ಬೇರೆ ಬೇರೆ ಮಾತು.

ಮೊದಲನೆಯದು ತಯಾರಕರ ಅಂದಾಜು. ಎರಡನೆಯದು ಪಂಪ್ ಎಷ್ಟು ಗಾಳಿ ಕೊಡುತ್ತದೆ ಎನ್ನುವುದು. ಮೂರನೆಯದು ಆ ಗಾಳಿಯನ್ನು ಎಷ್ಟು ಆಳಕ್ಕೆ ದೂಡುತ್ತದೆ ಎನ್ನುವುದು. ಸರಿಯಾದ ಪಂಪ್ ಸಿಗುವುದು ಕೊನೆಯ ಎರಡನ್ನು ಒಟ್ಟಿಗೆ ನೋಡಿದಾಗ ಮಾತ್ರ.

## ಗುಳ್ಳೆಗಳ ನಿಜವಾದ ಕೆಲಸ

ಗುಳ್ಳೆಯ ಒಳಗಿನ ಗಾಳಿ ನೀರಿಗೆ ಸೇರುತ್ತದೆ, ಮೀನು ಅದನ್ನು ಉಸಿರಾಡುತ್ತದೆ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಅದು ಸುಳ್ಳೇನಲ್ಲ, ಆದರೆ ಅಲ್ಲಿ ಆಗುವುದು ಸ್ವಲ್ಪವೇ. ತಳದಲ್ಲಿ ಹುಟ್ಟಿದ ಗುಳ್ಳೆ ಒಂದೆರಡು ಸೆಕೆಂಡಿನಲ್ಲಿ ಮೇಲೆ ಬಂದು ಒಡೆದುಹೋಗುತ್ತದೆ. ಅಷ್ಟು ಹೊತ್ತಿನಲ್ಲಿ ಅದರಿಂದ ನೀರಿಗೆ ಇಳಿಯುವ ಆಮ್ಲಜನಕ ಕಮ್ಮಿ.

ಮುಖ್ಯ ಕೆಲಸ ನಡೆಯುವುದು ನೀರಿನ ಮೇಲ್ಮೈಯಲ್ಲಿ. ಗಾಳಿಯ ಆಮ್ಲಜನಕ ಅಲ್ಲಿಂದ ನೀರಿಗೆ ಇಳಿಯುತ್ತದೆ, ನೀರಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಅಲ್ಲಿಂದಲೇ ಹೊರಗೆ ಹೋಗುತ್ತದೆ. ನೀರು ಅಲ್ಲಾಡದೆ ನಿಂತಿದ್ದರೆ ಮೇಲಿನ ತೆಳು ಪದರಕ್ಕೆ ಮಾತ್ರ ಆಮ್ಲಜನಕ ಸಿಗುತ್ತದೆ, ತಳದ ನೀರಿಗೆ ಅದು ಮುಟ್ಟುವುದು ಬಹಳ ನಿಧಾನ. ಗುಳ್ಳೆಗಳ ಸಾಲು ಏಳುವಾಗ ತಳದ ನೀರನ್ನೂ ಜೊತೆಗೆ ಎಳೆದುಕೊಂಡು ಬರುತ್ತದೆ. ಮೇಲೆ ಬಂದು ಒಡೆಯುವಾಗ ಮೇಲ್ಮೈಯನ್ನು ಕದಡುತ್ತದೆ. ಎಣ್ಣೆಯಂಥ ಪೊರೆ ಕಟ್ಟಿದ್ದರೆ ಅದನ್ನೂ ಒಡೆಯುತ್ತದೆ. ಹಾಗಾಗಿ ಏರ್ ಪಂಪ್ ಎಂದರೆ ಆಮ್ಲಜನಕ ತುಂಬುವ ಯಂತ್ರ ಎನ್ನುವುದಕ್ಕಿಂತ ನೀರು ಕದಡುವ ಯಂತ್ರ ಎನ್ನುವುದೇ ಸರಿ.

ಇದು ಯಾಕೆ ಇಷ್ಟು ಮುಖ್ಯ ಅಂತ ತಿಳಿಯಲು ಒಂದು ಲೆಕ್ಕ ನೋಡಿ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 275 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. 25 ಡಿಗ್ರಿ ಬಿಸಿಯಿರುವ ಒಂದು ಲೀಟರ್ ಸಿಹಿನೀರು ಗಾಳಿಯಿಂದ ಹೀರಿ ಹಿಡಿದಿಟ್ಟುಕೊಳ್ಳುವುದು ಹೆಚ್ಚೆಂದರೆ 8.3 ಮಿಲಿಗ್ರಾಂ. ಅಂದರೆ 100 ಲೀಟರ್ ತೊಟ್ಟಿಯ ನೀರಿನಲ್ಲಿ ಒಟ್ಟು ಇರುವ ಆಮ್ಲಜನಕ ಒಂದು ಗ್ರಾಮೂ ಆಗುವುದಿಲ್ಲ! ಅಷ್ಟರಲ್ಲೇ ಮೀನು, ಗಿಡ, ಫಿಲ್ಟರಿನ ಬ್ಯಾಕ್ಟೀರಿಯಾ, ಕೊಳೆಯುವ ಕಸ ಎಲ್ಲಕ್ಕೂ ಪಾಲು. ಇಷ್ಟು ಚಿಕ್ಕ ಸಂಗ್ರಹ ಆಗಾಗ ತುಂಬುತ್ತಲೇ ಇರಬೇಕು.

ಬಿಸಿ ಏರಿದಷ್ಟೂ ಈ ಸಂಗ್ರಹ ಇನ್ನೂ ಚಿಕ್ಕದಾಗುತ್ತದೆ. 20 ಡಿಗ್ರಿಯಲ್ಲಿ ಲೀಟರಿಗೆ 9.1 ಮಿಲಿಗ್ರಾಂ ಇದ್ದದ್ದು 30 ಡಿಗ್ರಿಗೆ ಬರುವಾಗ 7.6ಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ಮೀನಿನ ದೇಹದ ಚಟುವಟಿಕೆ ಜೋರಾಗಿ ಅದಕ್ಕೆ ಜಾಸ್ತಿ ಆಮ್ಲಜನಕ ಬೇಕಾಗುತ್ತದೆ. ಬೇಸಿಗೆಯಲ್ಲಿ ತೊಂದರೆ ಕಾಣುವುದು ಇದಕ್ಕೇ. ಉಪ್ಪುನೀರಿನ ತೊಟ್ಟಿಯಾದರೆ ಸಿಹಿನೀರಿಗಿಂತ ಸುಮಾರು ಐದರಲ್ಲಿ ಒಂದು ಪಾಲು ಕಮ್ಮಿಯೇ ಹಿಡಿಯುತ್ತದೆ.

## ಮೊದಲು, ಪಂಪ್ ಬೇಕೇ ಬೇಕಾ?

ಎಲ್ಲ ತೊಟ್ಟಿಗೂ ಬೇಕಿಲ್ಲ. ನಿಮ್ಮಲ್ಲಿರುವ ಫಿಲ್ಟರ್ ನೀರನ್ನು ಮೇಲಿಂದ ಸುರಿಯುತ್ತಿದ್ದರೆ, ಅಥವಾ ಅದರ ಹೊರಹರಿವು ಮೇಲ್ಮೈಯನ್ನು ಸದಾ ಅಲೆಯಾಡಿಸುತ್ತಿದ್ದರೆ, ಮೇಲೆ ಹೇಳಿದ ಕೆಲಸ ಆಗಲೇ ಆಗುತ್ತಿದೆ. ಮೀನುಗಳೂ ಮಿತವಾಗಿದ್ದರೆ ಬೇರೆ ಏರ್ ಪಂಪ್ ಸುಮ್ನೆ ಖರ್ಚು.

ಫೈಟರ್ ಮತ್ತು ಗೌರಾಮಿಯಂಥ ಮೀನುಗಳಿಗೆ ತಲೆಯ ಹತ್ತಿರ ಒಂದು ವಿಶೇಷ ಅಂಗ ಇದೆ. ಅವು ಮೇಲಕ್ಕೆ ಬಂದು ಗಾಳಿಯನ್ನೇ ನೇರವಾಗಿ ನುಂಗಿ ಉಸಿರಾಡಬಲ್ಲವು. ಅವು ಆಗಾಗ ಮೇಲೆ ಬಂದರೆ ಗಾಬರಿ ಬೇಡ, ಅದು ಅವುಗಳ ಸಹಜ ನಡೆ. ಉದ್ದ ರೆಕ್ಕೆಯ ಫೈಟರಿಗಂತೂ ಜೋರು ಸೆಳವೇ ಹಿಂಸೆ.

ಪಂಪ್ ಬೇಕೇ ಬೇಕು ಎನ್ನುವ ಸಂದರ್ಭಗಳೂ ಇವೆ. ಸ್ಪಂಜ್ ಫಿಲ್ಟರ್ ಇದ್ದರೆ ಅದು ಓಡುವುದೇ ಗಾಳಿಯಿಂದ. ಮೀನು ಕಿಕ್ಕಿರಿದಿದ್ದರೆ, ಗೋಲ್ಡ್ ಫಿಶ್ ಇದ್ದರೆ, ನೀರು 28 ಡಿಗ್ರಿ ದಾಟುತ್ತಿದ್ದರೆ ಬೇಕು. ಮರಿಗಳನ್ನು ಸಾಕುವ ತೊಟ್ಟಿಗೂ ಬೇಕು. ರೋಗಕ್ಕೆ ನೀರಿನ ಬಿಸಿ ಏರಿಸಿದಾಗ, ಅಥವಾ ಫಾರ್ಮಲಿನ್‌ನಂಥ ಮದ್ದು ಹಾಕಿದಾಗ ನೀರಿನ ಆಮ್ಲಜನಕ ಕುಸಿಯುತ್ತದೆ. ಆಗ ತಾತ್ಕಾಲಿಕವಾಗಿಯಾದರೂ ಗಾಳಿ ಕೊಡಲೇಬೇಕು.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಮೀನು ಮೇಲೆ ಬಂದು ಏದುಸಿರು ಬಿಡುತ್ತಿದ್ದರೆ ಕಾರಣ ಆಮ್ಲಜನಕದ ಕೊರತೆಯೇ ಆಗಿರಬೇಕಿಲ್ಲ. ನೀರಿನಲ್ಲಿ ಅಮೋನಿಯಾ ಏರಿದರೆ ಕಿವಿರು ಸುಡುತ್ತದೆ. ನೈಟ್ರೈಟ್ ಏರಿದರೆ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿಯೇ ಹೋಗುತ್ತದೆ. ಆಗ ಎಷ್ಟು ದೊಡ್ಡ ಪಂಪ್ ತಂದರೂ ಪ್ರಯೋಜನ ಇಲ್ಲ. ನೀರು ಪರೀಕ್ಷೆ ಮಾಡಿ, ಒಂದು ಭಾಗ ಬದಲಿಸಬೇಕು. ಹೊಸದಾಗಿ ಶುರು ಮಾಡಿದ ತೊಟ್ಟಿಗಳಲ್ಲಿ ಇದೇ ಹೆಚ್ಚು.

## ಪಂಪಿನ ಒಳಗೆ ಏನಿದೆ

ಮನೆಗಳಲ್ಲಿ ಬಳಸುವ ಹೆಚ್ಚಿನ ಏರ್ ಪಂಪುಗಳ ಒಳಗೆ ಇರುವುದು ಸರಳ ಏರ್ಪಾಡು. ಒಂದು ತಂತಿ ಸುರುಳಿ, ಅದರ ಎದುರು ಅಯಸ್ಕಾಂತ ಅಂಟಿಸಿದ ಒಂದು ಚಿಕ್ಕ ತೋಳು, ತೋಳಿನ ತುದಿಗೆ ರಬ್ಬರಿನ ಪೊರೆ. ಇದನ್ನು ಡಯಾಫ್ರಮ್ ಎನ್ನುತ್ತಾರೆ. ಮನೆಯ ಕರೆಂಟು ಸೆಕೆಂಡಿಗೆ 50 ಅಥವಾ 60 ಸಲ ಹಿಂದೆ ಮುಂದೆ ಹೋಗಿಬರುತ್ತಾ ಹರಿಯುತ್ತದೆ. ಅದಕ್ಕೆ ತಕ್ಕಂತೆ ತೋಳು ಅತ್ತಿತ್ತ ಅದುರುತ್ತದೆ. ಪೊರೆ ಹಿಂದಕ್ಕೆ ಹೋದಾಗ ಗಾಳಿ ಒಳಗೆ, ಮುಂದಕ್ಕೆ ಬಂದಾಗ ಗಾಳಿ ಹೊರಗೆ. ನಡುವೆ ಎರಡು ಪುಟ್ಟ ರಬ್ಬರ್ ಮುಚ್ಚಳಗಳು ಗಾಳಿ ಹಿಂದಕ್ಕೆ ಹೋಗದಂತೆ ತಡೆಯುತ್ತವೆ. 'ಗುಂಯ್' ಎನ್ನುವ ಸದ್ದು ಬರುವುದು ಈ ಅದುರುವಿಕೆಯಿಂದಲೇ.

ಪೊರೆ ದೊಡ್ಡದಾಗಿದ್ದು ಹೆಚ್ಚು ಅದುರಿದರೆ ಗಾಳಿ ಜಾಸ್ತಿ. ತೋಳನ್ನು ಎಳೆಯುವ ಬಲ ಜಾಸ್ತಿಯಿದ್ದರೆ ಒತ್ತಡ ಜಾಸ್ತಿ. ಇವೆರಡೂ ಒಟ್ಟಿಗೇ ಏರಬೇಕೆಂಬ ನಿಯಮ ಇಲ್ಲ. ಗಾಳಿ ಧಾರಾಳವಾಗಿ ಕೊಟ್ಟು ಒತ್ತಡದಲ್ಲಿ ಸೋಲುವ ಪಂಪುಗಳಿವೆ. ಗಾಳಿ ಸ್ವಲ್ಪವೇ ಕೊಟ್ಟರೂ ಆಳಕ್ಕೆ ಗಟ್ಟಿಯಾಗಿ ದೂಡುವವೂ ಇವೆ.

## ಎರಡು ಅಂಕಿ: ಗಾಳಿ ಎಷ್ಟು, ಬಲ ಎಷ್ಟು

ಒಂದು ಸ್ಟ್ರಾ ತೆಗೆದುಕೊಂಡು ಗಿಡ್ಡ ಲೋಟದ ನೀರಿನಲ್ಲಿ ಊದಿ ನೋಡಿ. ಸಲೀಸಾಗಿ ಗುಳ್ಳೆ ಬರುತ್ತದೆ. ಅದೇ ಉಸಿರಿನಲ್ಲಿ ಉದ್ದದ ಕೊಳವೆ ಹಿಡಿದು ತುಂಬಿದ ಬಕೆಟಿನ ತಳಕ್ಕೆ ಊದಿದರೆ ಕೆನ್ನೆ ನೋಯುತ್ತದೆ, ಗುಳ್ಳೆಯೂ ಕಮ್ಮಿ. ಉಸಿರು ಅದೇ, ನೀರಿನ ಭಾರ ಮಾತ್ರ ಹೆಚ್ಚಾಗಿದೆ. ಪಂಪಿಗೂ ಆಗುವುದು ಇದೇ.

ಗಾಳಿಯ ಪ್ರಮಾಣವನ್ನು ನಿಮಿಷಕ್ಕೆ ಇಷ್ಟು ಲೀಟರ್ ಎಂದು ಹೇಳುತ್ತಾರೆ. ಡಬ್ಬದ ಮೇಲೆ ಎಲ್‌ಪಿಎಂ ಎಂದಿದ್ದರೆ ಇದೇ. ಗಂಟೆಗೆ ಇಷ್ಟು ಲೀಟರ್ ಎಂದಿದ್ದರೆ 60ರಿಂದ ಭಾಗಿಸಿ. ಇಲ್ಲಿ ಒಂದು ಸಂಗತಿ ಸಾಮಾನ್ಯವಾಗಿ ಯಾರೂ ಬಿಡಿಸಿ ಹೇಳುವುದಿಲ್ಲ. ಈ ಅಂಕಿ ಹೆಚ್ಚಾಗಿ ಪಂಪಿನ ಬಾಯಿ ತೆರೆದಿಟ್ಟು, ಕೊಳವೆ ಇಲ್ಲದೆ, ನೀರಿನ ತಡೆ ಇಲ್ಲದೆ ಅಳೆದದ್ದು. ನೀರಿಗೆ ಇಳಿಸಿದ ಮೇಲೆ ಅಷ್ಟು ಗಾಳಿ ಬರುವುದಿಲ್ಲ.

ಎರಡನೇ ಅಂಕಿ ಗರಿಷ್ಠ ಒತ್ತಡ. ಇದನ್ನು ಮೆಗಾಪಾಸ್ಕಲ್‌ನಲ್ಲಿ, ಅಂದರೆ ಎಂಪಿಎ ಎಂದು ಬರೆದಿರುತ್ತಾರೆ. ನೋಡಿ ಹೆದರಬೇಡಿ. 0.01 ಎಂಪಿಎ ಎಂದರೆ ಸುಮಾರು ಒಂದು ಮೀಟರ್ ನೀರಿನ ಆಳ. 0.012 ಅಂದರೆ 1.2 ಮೀಟರ್, 0.02 ಅಂದರೆ 2 ಮೀಟರ್. ಕೆಲವು ಡಬ್ಬಗಳಲ್ಲಿ ಪಿಎಸ್‌ಐ ಎಂದಿರುತ್ತದೆ. ಒಂದು ಪಿಎಸ್‌ಐ ಎಂದರೆ ಸುಮಾರು 70 ಸೆಂಟಿಮೀಟರ್ ನೀರು.

'1.2 ಮೀಟರ್ ಆಳ' ಎಂದಿದ್ದರೆ ಆ ಆಳದಲ್ಲಿ ಚೆನ್ನಾಗಿ ಗುಳ್ಳೆ ಬರುತ್ತದೆ ಎಂದು ತಿಳಿಯಬೇಡಿ. ಅದು ಪಂಪ್ ಸೋಲುವ ಆಳ. ಅಲ್ಲಿ ಗಾಳಿ ಪೂರಾ ನಿಂತುಬಿಡುತ್ತದೆ. ಬಾಯಿ ತೆರೆದಾಗ ಗಾಳಿ ಪೂರ್ತಿ, ಗರಿಷ್ಠ ಆಳದಲ್ಲಿ ಸೊನ್ನೆ. ನಿಮ್ಮ ತೊಟ್ಟಿ ಈ ಎರಡರ ನಡುವೆ ಎಲ್ಲೋ ಇರುತ್ತದೆ. ಇಳಿಕೆ ಹೆಚ್ಚೂ ಕಮ್ಮಿ ಒಂದೇ ಸಮನೆ ಆಗುತ್ತದೆ ಎಂದು ಹಿಡಿದರೆ, ಗರಿಷ್ಠ ಆಳದ ಅರ್ಧದಲ್ಲಿ ಗಾಳಿಯೂ ಅರ್ಧ. ಎಲ್ಲ ಪಂಪಿಗೂ ಇದು ಕರಾರುವಾಕ್ಕಾಗಿ ಹೊಂದುವುದಿಲ್ಲ, ಆದರೆ ಕೊಳ್ಳುವಾಗ ಮಾಡುವ ಲೆಕ್ಕಕ್ಕೆ ಸಾಕು. ತಯಾರಕರು ಆಳಕ್ಕೆ ತಕ್ಕ ಗಾಳಿಯ ನಕ್ಷೆ ಕೊಟ್ಟಿದ್ದರೆ ಅದನ್ನೇ ನಂಬಿ.

ಈಗ 'ಇಷ್ಟು ಲೀಟರ್ ತೊಟ್ಟಿಗೆ' ಎನ್ನುವ ಬರಹ ಯಾಕೆ ಸಾಲದು ಎನ್ನುವುದು ಸ್ಪಷ್ಟವಾಗುತ್ತದೆ. 60 ಸೆಂಟಿಮೀಟರ್ ಉದ್ದ, 40 ಅಗಲ, 42 ಎತ್ತರದ ತೊಟ್ಟಿ ಸುಮಾರು 100 ಲೀಟರ್. 40 ಉದ್ದ, 40 ಅಗಲ, 63 ಎತ್ತರದ್ದೂ 100 ಲೀಟರೇ. ಮೊದಲನೆಯದರಲ್ಲಿ ಗಾಳಿ ಇಳಿಯಬೇಕಾದ ಆಳ 40 ಸೆಂಟಿಮೀಟರ್. ಎರಡನೆಯದರಲ್ಲಿ 60. ಒಂದು ಮೀಟರಿಗೆ ಸೋಲುವ ಪಂಪನ್ನು ಮೊದಲನೆಯದಕ್ಕೆ ಹಾಕಿದರೆ ನೂರಕ್ಕೆ 60 ಪಾಲು ಗಾಳಿ ಉಳಿಯುತ್ತದೆ, ಎರಡನೆಯದಕ್ಕೆ ಹಾಕಿದರೆ 40. ಸಾಲದ್ದಕ್ಕೆ ಎತ್ತರದ ತೊಟ್ಟಿಗೆ ಮೇಲ್ಮೈಯೂ ಚಿಕ್ಕದು. ಗಾಳಿ ಜಾಸ್ತಿ ಬೇಕಾದ ತೊಟ್ಟಿಗೇ ಗಾಳಿ ಕಮ್ಮಿ ಸಿಗುತ್ತದೆ!

## ನಿಮ್ಮ ತೊಟ್ಟಿಗೆ ಲೆಕ್ಕ ಹಾಕುವುದು ಹೀಗೆ

ನೀರು ಎಷ್ಟು ಹಿಡಿಯುತ್ತದೆ ಎಂಬುದರಿಂದ ಶುರು ಮಾಡೋಣ. ಉದ್ದ, ಅಗಲ, ನೀರಿನ ಎತ್ತರ ಮೂರನ್ನೂ ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ, 1000ದಿಂದ ಭಾಗಿಸಿ. ಗಾಜಿನ ಎತ್ತರ ಹಿಡಿಯಬೇಡಿ, ನೀರು ನಿಂತಿರುವ ಎತ್ತರ ಹಿಡಿಯಿರಿ. ಮರಳು, ಕಲ್ಲುಗಳಿಗೆಂದು ಅದರಲ್ಲಿ ನೂರಕ್ಕೆ ಹತ್ತು ಹದಿನೈದು ಪಾಲು ಕಳೆಯಿರಿ.

ಮೀನು ಸಾಕುವವರ ರೂಢಿಯಲ್ಲಿ 40 ಲೀಟರ್ ನೀರಿಗೆ ನಿಮಿಷಕ್ಕೆ ಅರ್ಧದಿಂದ ಒಂದು ಲೀಟರ್ ಗಾಳಿ ಎನ್ನುವ ಒಂದು ಕೈಯಂದಾಜು ಇದೆ. ಮೀನು ಕಮ್ಮಿ, ನೀರು ತಂಪು ಇದ್ದರೆ ಅರ್ಧ ಸಾಕು. ಮೀನು ಜಾಸ್ತಿ, ನೀರು ಬಿಸಿ ಇದ್ದರೆ ಒಂದರ ಕಡೆ ಹೋಗಿ. ಇದು ವಿಜ್ಞಾನದ ನಿಯಮವಲ್ಲ. ಬೇರೆ ಬೇರೆಯವರು ಬೇರೆ ಬೇರೆ ಅಂಕಿ ಹೇಳುತ್ತಾರೆ. ನನಗೆ ಇದಕ್ಕಿಂತ ಹೆಚ್ಚು ನಂಬಿಕೆ ಇರುವುದು ಇನ್ನೊಂದು ದಾರಿಯಲ್ಲಿ. ತೊಟ್ಟಿಯೊಳಗೆ ಗಾಳಿಯಿಂದ ಓಡುವ ಸಾಮಾನು ಏನೇನಿದೆ, ಅವಕ್ಕೆ ಎಷ್ಟೆಷ್ಟು ಬೇಕು ಎಂದು ಕೂಡಿಸುವುದು. ಬೆರಳುದ್ದದ ಚಿಕ್ಕ ಏರ್ ಸ್ಟೋನಿಗೆ, ಅಂದರೆ ಕೊಳವೆಯ ತುದಿಗೆ ಸಿಕ್ಕಿಸಿ ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಬಿಡುವ ರಂಧ್ರಗಳ ಕಲ್ಲಿಗೆ, ನಿಮಿಷಕ್ಕೆ ಅರ್ಧದಿಂದ ಒಂದು ಲೀಟರ್. ಸಾಧಾರಣ ಸ್ಪಂಜ್ ಫಿಲ್ಟರಿಗೆ ಒಂದರಿಂದ ಎರಡು ಲೀಟರ್. ಉದ್ದನೆಯ ಗುಳ್ಳೆ ಪಟ್ಟಿ ಇದ್ದರೆ ಇನ್ನೂ ಜಾಸ್ತಿ.

ಒಂದು ತೊಟ್ಟಿಯನ್ನೇ ತೆಗೆದುಕೊಳ್ಳೋಣ. ಉದ್ದ 90, ಅಗಲ 40, ನೀರಿನ ಎತ್ತರ 40 ಸೆಂಟಿಮೀಟರ್. ಗುಣಿಸಿದರೆ 144 ಲೀಟರ್. ಕಲ್ಲು ಮರಳು ಕಳೆದರೆ ಸುಮಾರು 125. ಕೈಯಂದಾಜಿನ ಪ್ರಕಾರ ನಿಮಿಷಕ್ಕೆ 1.6ರಿಂದ 3.1 ಲೀಟರ್ ಗಾಳಿ ಬೇಕು. ಒಳಗೆ ಒಂದು ಸ್ಪಂಜ್ ಫಿಲ್ಟರ್, ಒಂದು ಏರ್ ಸ್ಟೋನ್ ಇದೆ ಎಂದುಕೊಳ್ಳಿ. ಒಂದೂವರೆ ಮತ್ತು ಒಂದು, ಒಟ್ಟು ಎರಡೂವರೆ ಲೀಟರ್. ಎರಡು ದಾರಿಯೂ ಒಂದೇ ಕಡೆ ಬಂದವು.

ಇನ್ನು ತಡೆ. ನೀರಿನ ಆಳ 40. ಏರ್ ಸ್ಟೋನಿನ ಸಣ್ಣ ರಂಧ್ರ, ಕೊಳವೆ, ವಾಲ್ವ್ ಇವೂ ಗಾಳಿಯನ್ನು ತಡೆಯುತ್ತವೆ. ಇವಕ್ಕೆಲ್ಲ ಸೇರಿ 15 ಸೆಂಟಿಮೀಟರ್ ನೀರಿನಷ್ಟು ತಡೆ ಎಂದು ಸೇರಿಸೋಣ. ಒಟ್ಟು 55.

ಈಗ ಮೂರು ಪಂಪುಗಳು ಎದುರಿಗಿವೆ ಎಂದುಕೊಳ್ಳಿ. ಮೊದಲನೆಯದು 4 ಲೀಟರ್, 0.012 ಎಂಪಿಎ. 120 ಸೆಂಟಿಮೀಟರಿಗೆ ಸೋಲುವ ಈ ಪಂಪ್ 55ರಲ್ಲಿ ಕೊಡುವುದು ಸುಮಾರು 2.2 ಲೀಟರ್. ಸ್ವಲ್ಪ ಸಾಲದು. ಎರಡನೆಯದು 5 ಲೀಟರ್, 0.015 ಎಂಪಿಎ. ಇದು ಸುಮಾರು 3.2 ಲೀಟರ್ ಕೊಡುತ್ತದೆ. ಸಾಕು, ಸ್ವಲ್ಪ ಮಿಗುತ್ತದೆ. ಮೂರನೆಯದು ಮತ್ತೆ 4 ಲೀಟರಿನದೇ, ಆದರೆ 0.02 ಎಂಪಿಎ. ಇದು ಸುಮಾರು 2.9 ಲೀಟರ್ ಕೊಡುತ್ತದೆ. ಡಬ್ಬದ ಮೇಲೆ ಒಂದನೆಯದೂ ಮೂರನೆಯದೂ 4 ಲೀಟರೇ. ನೀರಿಗಿಳಿದ ಮೇಲೆ ಒಂದು ಸಾಲದಾಯಿತು, ಇನ್ನೊಂದು ಸಾಕಾಯಿತು.

ಬೇಕಾದದ್ದಕ್ಕಿಂತ ಕಾಲು ಭಾಗದಷ್ಟು ಜಾಸ್ತಿ ಇರುವುದು ಒಳ್ಳೆಯದು. ಏರ್ ಸ್ಟೋನ್ ದಿನ ಕಳೆದಂತೆ ಪಾಚಿ ಕಟ್ಟಿ ಮುಚ್ಚಿಕೊಳ್ಳುತ್ತದೆ, ರಬ್ಬರ್ ಪೊರೆ ಸಡಿಲವಾಗುತ್ತದೆ. ಆ ಸವೆತಕ್ಕೆ ಜಾಗ ಬಿಡಬೇಕಲ್ವಾ.

ಎರಡು ಬಾಯಿಯ ಪಂಪ್ ಕೊಳ್ಳುವುದಾದರೆ ಅಂಕಿ ಒಂದು ಬಾಯಿಯದೋ ಎರಡೂ ಸೇರಿಸಿಯೋ ಎಂದು ನೋಡಿ. '2×2' ಎಂದಿದ್ದರೆ ತಲಾ ಎರಡು. ಎರಡನ್ನೂ ಒಂದು ಟಿ ತುಂಡಿನಿಂದ (ಇಂಗ್ಲಿಷಿನ T ಆಕಾರದ ಜೋಡಣೆ) ಕೂಡಿಸಿದರೆ ಗಾಳಿ ಇಮ್ಮಡಿಯಾಗುತ್ತದೆ, ಒತ್ತಡ ಇದ್ದಷ್ಟೇ ಇರುತ್ತದೆ. ಅಂದರೆ ಆಳದ ಸಮಸ್ಯೆಗೆ ಇದು ಪರಿಹಾರ ಅಲ್ಲ.

ಆಳದ ಸಮಸ್ಯೆಗೆ ಒಂದು ಸುಲಭ ಉಪಾಯ ಇದೆ. ಏರ್ ಸ್ಟೋನನ್ನು ತಳದಲ್ಲೇ ಇಡಬೇಕೆಂದಿಲ್ಲ. ನೀರಿನ ನಡುಮಟ್ಟಕ್ಕೆ ಏರಿಸಿದರೆ ಪಂಪಿನ ಮೇಲಿನ ನೀರಿನ ಹೊರೆ ಅರ್ಧವಾಗುತ್ತದೆ, ಗುಳ್ಳೆ ಜೋರಾಗುತ್ತದೆ. ತಳದ ನೀರು ಮೇಲೆ ಬರುವುದು ಸ್ವಲ್ಪ ಕಮ್ಮಿಯಾಗುತ್ತದೆ, ಅಷ್ಟೇ.

## ಯಾವ ಮೀನು, ಯಾವ ತೊಟ್ಟಿ

ಗೋಲ್ಡ್ ಫಿಶ್ ದೊಡ್ಡದಾಗಿ ಬೆಳೆಯುತ್ತದೆ, ಜಾಸ್ತಿ ತಿನ್ನುತ್ತದೆ, ಜಾಸ್ತಿ ಗಲೀಜು ಮಾಡುತ್ತದೆ. ಆ ಗಲೀಜಿನ ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳಿಗೂ ಆಮ್ಲಜನಕ ಬೇಕು, ಅದೂ ಸುಮ್ನೆ ಅಲ್ಲ: ಅಮೋನಿಯಾದಲ್ಲಿರುವ ಒಂದು ಗ್ರಾಂ ಸಾರಜನಕಕ್ಕೆ ಸುಮಾರು ನಾಲ್ಕೂವರೆ ಗ್ರಾಂ. ಹಾಗಾಗಿ ಗೋಲ್ಡ್ ಫಿಶ್ ತೊಟ್ಟಿಗೆ ಕೈಯಂದಾಜಿನ ಮೇಲಿನ ಅಂಚನ್ನೇ ಹಿಡಿಯಿರಿ. ಗಪ್ಪಿ, ಟೆಟ್ರಾ, ಮೊಲ್ಲಿಗಳಿಗೆ ನಡುವಿನದು ಸಾಕು.

ಗಿಡ ಜಾಸ್ತಿ ಇರುವ ತೊಟ್ಟಿಯ ಕಥೆ ಬೇರೆ. ಹಗಲು ಬೆಳಕಿದ್ದಾಗ ಗಿಡಗಳೇ ಆಮ್ಲಜನಕ ಕೊಡುತ್ತವೆ. ರಾತ್ರಿ ಅವೂ ಮೀನಿನ ಹಾಗೆ ಅದನ್ನು ಬಳಸುತ್ತವೆ. ಬೆಳಗಿನ ಜಾವದಲ್ಲಿ ಆಮ್ಲಜನಕ ಅತಿ ಕಮ್ಮಿ ಇರುವುದು ಅದಕ್ಕೇ. ಗಿಡಗಳಿಗೆಂದು ಇಂಗಾಲದ ಡೈಆಕ್ಸೈಡ್ ಬಿಡುವವರಾದರೆ ಹಗಲಿನಲ್ಲಿ ಏರ್ ಪಂಪ್ ಓಡಿಸಿದರೆ ಆ ಅನಿಲ ಹೊರಗೆ ಹಾರಿಹೋಗುತ್ತದೆ. ಅಂಥವರು ದೀಪ ಆರಿದ ಮೇಲೆ ಪಂಪ್ ಹಾಕಿ, ಬೆಳಗ್ಗೆ ಆರಿಸುವುದು ರೂಢಿ. ಉಳಿದವರು 24 ಗಂಟೆಯೂ ಓಡಿಸಬೇಕು. ಸ್ಪಂಜ್ ಫಿಲ್ಟರ್ ಇದ್ದವರಂತೂ ರಾತ್ರಿ ಸದ್ದಾಗುತ್ತದೆ ಎಂದು ನಿಲ್ಲಿಸಲೇಬಾರದು. ಅದನ್ನು ನಿಲ್ಲಿಸಿದರೆ ಫಿಲ್ಟರೇ ನಿಂತ ಹಾಗೆ. 3 ವ್ಯಾಟಿನ ಪಂಪ್ ತಿಂಗಳಿಡೀ ಓಡಿದರೂ ಖರ್ಚಾಗುವ ಕರೆಂಟು ಎರಡು ಯೂನಿಟ್ ಚಿಲ್ಲರೆ.

## ದೊಡ್ಡದನ್ನೇ ತಂದುಬಿಟ್ಟರೆ ಏನಾಗುತ್ತದೆ

ನೀರು ಹಿಡಿಯುವಷ್ಟು ಆಮ್ಲಜನಕ ಹಿಡಿದ ಮೇಲೆ ಇನ್ನೆಷ್ಟು ಗುಳ್ಳೆ ಬಿಟ್ಟರೂ ಅದು ಏರುವುದಿಲ್ಲ. ಸೆಳವು ಮಾತ್ರ ಜೋರಾಗುತ್ತದೆ. ಚಿಕ್ಕ ಮೀನು, ಮರಿ, ಉದ್ದ ರೆಕ್ಕೆಯವು ಇಡೀ ದಿನ ಸೆಳವಿನ ವಿರುದ್ಧ ಈಜಿ ಸುಸ್ತಾಗುತ್ತವೆ. ಮರಳು ಎದ್ದು ನೀರು ಕಲಕುತ್ತದೆ. ಮುಚ್ಚಳ, ದೀಪಕ್ಕೆಲ್ಲ ನೀರಿನ ಹನಿ ಸಿಡಿದು ಬಿಳಿ ಕಲೆ ಕಟ್ಟುತ್ತದೆ.

ದೊಡ್ಡ ಪಂಪ್ ಆಗಲೇ ಮನೆಗೆ ಬಂದಿದ್ದರೆ ವಾಲ್ವ್ ಬಿಗಿ ಮಾಡಿ ಗಾಳಿ ಕಮ್ಮಿ ಮಾಡೋಣ ಎನಿಸುತ್ತದೆ. ಹಾಗೆ ಮಾಡಬೇಡಿ. ಹೊರಹೋಗಲು ದಾರಿಯಿಲ್ಲದ ಗಾಳಿ ಪೊರೆಯ ಮೇಲೆ ಒತ್ತುತ್ತಲೇ ಇರುತ್ತದೆ, ಪಂಪ್ ಬಿಸಿಯಾಗುತ್ತದೆ, ಸದ್ದು ಏರುತ್ತದೆ, ಪೊರೆ ಬೇಗ ಹರಿಯುತ್ತದೆ. ಅದರ ಬದಲು ಕೊಳವೆಗೆ ಒಂದು ಟಿ ತುಂಡು ಹಾಕಿ, ಒಂದು ಕವಲನ್ನು ವಾಲ್ವ್ ಸಮೇತ ಹೊರಗಿನ ಗಾಳಿಗೆ ತೆರೆದುಬಿಡಿ. ಮಿಕ್ಕ ಗಾಳಿ ಅಲ್ಲಿಂದ ಹೋಗಲಿ. ಎರಡು ಬಾಯಿಯ ಪಂಪಿನಲ್ಲಿ ಒಂದು ಬಾಯಿ ಬೇಡವಾದರೂ ಅಷ್ಟೇ, ಅದನ್ನು ಮುಚ್ಚದೆ ಹಾಗೇ ಬಿಡಿ.

ಒಂದೇ ಪಂಪಿನಿಂದ ಎರಡು ಮೂರು ಕಡೆ ಗಾಳಿ ಕೊಡುವಾಗ ಇನ್ನೊಂದು ತಲೆನೋವು ಬರುತ್ತದೆ. ಗಾಳಿ ಯಾವಾಗಲೂ ಸುಲಭದ ದಾರಿ ಹಿಡಿಯುತ್ತದೆ. ಮೇಲೆ ಇರುವ ಸ್ಟೋನಿನಲ್ಲಿ ಗುಳ್ಳೆ ಭೋರ್ಗರೆಯುತ್ತಿದ್ದರೆ ತಳದ್ದು ಸತ್ತಂತೆ ಬಿದ್ದಿರುತ್ತದೆ. ಪಂಪ್ ಚಿಕ್ಕದಾಯಿತು ಎಂದು ತೀರ್ಮಾನಿಸುವ ಮೊದಲು ಪ್ರತಿ ಕವಲಿಗೂ ಒಂದೊಂದು ವಾಲ್ವ್ ಹಾಕಿ ಸರಿದೂಗಿಸಿ ನೋಡಿ.

## ಸಣ್ಣ ಸಾಮಾನು, ದೊಡ್ಡ ವ್ಯತ್ಯಾಸ

ಏರ್ ಸ್ಟೋನಿನ ಗುಳ್ಳೆ ಸಣ್ಣದಾದಷ್ಟೂ ನೋಡಲು ಚೆಂದ, ಆದರೆ ತಡೆಯೂ ಅಷ್ಟೇ ಜಾಸ್ತಿ. ಹೊಗೆಯಂಥ ಸಣ್ಣ ಗುಳ್ಳೆ ಕೊಡುವ ಸೆರಾಮಿಕ್ ಬಿಲ್ಲೆಗಳು ಸಾಧಾರಣ ಪಂಪಿಗೆ ಬಗ್ಗುವುದಿಲ್ಲ, ಅವಕ್ಕೆ ಹೆಚ್ಚು ಒತ್ತಡದ್ದೇ ಬೇಕು. ಚಿಕ್ಕ ಪಂಪಿಗೆ ಒರಟು ಕಲ್ಲೇ ಒಳ್ಳೆಯ ಜೋಡಿ. ಕೊಳವೆಯನ್ನು ಬೇಕಾದಷ್ಟೇ ಉದ್ದ ಇಟ್ಟುಕೊಳ್ಳಿ, ಮಡಚಿಕೊಂಡಿದೆಯಾ ನೋಡಿ.

ಚೆಕ್ ವಾಲ್ವ್ ಒಂದನ್ನು ಮರೆಯಲೇಬೇಡಿ. ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ದು ಕರೆಂಟು ಹೋದರೆ, ನೀರು ಕೊಳವೆಯಲ್ಲಿ ಹಿಂದಕ್ಕೆ ಹರಿದು ಪಂಪಿಗೆ, ಅಲ್ಲಿಂದ ನೆಲಕ್ಕೆ ಸುರಿಯುತ್ತದೆ. ಚೆಕ್ ವಾಲ್ವ್ ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುತ್ತದೆ. ಬಾಯಿಂದ ಊದಿದರೆ ಯಾವ ಕಡೆಯಿಂದ ಗಾಳಿ ಹೋಗುತ್ತದೆ ಎಂದು ಗೊತ್ತಾಗುತ್ತದೆ. ಆ ಕಡೆ ಪಂಪಿಗೆ, ಇನ್ನೊಂದು ಕಡೆ ತೊಟ್ಟಿಗೆ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಲು ಜಾಗ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಪ್ಲಗ್ಗಿಗೆ ಹೋಗುವ ವೈರನ್ನು ಸ್ವಲ್ಪ ಕೆಳಕ್ಕೆ ಜೋತುಬಿಟ್ಟು ಮೇಲಕ್ಕೆ ಒಯ್ಯಿರಿ. ವೈರಿನ ಮೇಲೆ ಹರಿದು ಬಂದ ನೀರು ಆ ಜೋತಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಮುಟ್ಟುವುದಿಲ್ಲ.

ಸದ್ದು ತೊಂದರೆಯಾದರೆ ಪಂಪಿನ ಅಡಿಗೆ ದಪ್ಪ ಸ್ಪಂಜು ಹಾಕಿ, ಗೋಡೆಗೆ ತಾಗದಂತೆ ಇಡಿ. ಡಬ್ಬದೊಳಗೆ ಮುಚ್ಚಿಟ್ಟರೆ ಸದ್ದು ಕಮ್ಮಿಯಾಗುತ್ತದೆ ನಿಜ, ಆದರೆ ಬಿಸಿ ಏರಿ ಪಂಪ್ ಕೆಡುತ್ತದೆ.

ಇನ್ನೊಂದು ಮಾತು. ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬಿಡುತ್ತದೆ. ಕೋಣೆಯಲ್ಲಿ ಸೊಳ್ಳೆ, ಜಿರಳೆಗೆ ಸ್ಪ್ರೇ ಹೊಡೆದರೆ ಅದೂ ನೀರಿಗೆ ಹೋಗುತ್ತದೆ. ಇಂಥ ಬಹಳಷ್ಟು ಸ್ಪ್ರೇಗಳಲ್ಲಿರುವ ಪೈರೆಥ್ರಾಯ್ಡ್ ಎಂಬ ಕೀಟನಾಶಕಗಳು ಮೀನಿಗೆ ಭಾರಿ ವಿಷ. ಹೊಸ ಪೇಂಟಿನ ಹೊಗೆಯೂ ಒಳ್ಳೆಯದಲ್ಲ. ಅಂಥ ಸಮಯದಲ್ಲಿ ತೊಟ್ಟಿ ಮುಚ್ಚಿ, ಪಂಪ್ ಸ್ವಲ್ಪ ಹೊತ್ತು ಆರಿಸಿ, ಕಿಟಕಿ ತೆರೆದು ಗಾಳಿ ಹೊರಗೆ ಹೋದ ಮೇಲೆ ಮತ್ತೆ ಹಾಕಿ.

## ಕರೆಂಟು ಹೋದರೆ

ಮೀನು ಕಮ್ಮಿ ಇರುವ ತೊಟ್ಟಿ ಕೆಲವು ಗಂಟೆ ತಡೆದುಕೊಳ್ಳುತ್ತದೆ. ಕಿಕ್ಕಿರಿದ ತೊಟ್ಟಿ ತಡೆಯುವುದಿಲ್ಲ. ಬ್ಯಾಟರಿ ಇರುವ, ಕರೆಂಟು ಹೋದ ತಕ್ಷಣ ತಾನಾಗಿ ಶುರುವಾಗುವ ಪಂಪುಗಳು ಸಿಗುತ್ತವೆ. ಇವುಗಳ ಗಾಳಿ ಸಾಮಾನ್ಯವಾಗಿ ಕಮ್ಮಿ. ಆದರೆ ಇಲ್ಲಿ ಬೇಕಾಗಿರುವುದು ಜೀವ ಉಳಿಸುವಷ್ಟು ಮಾತ್ರ, ಹಾಗಾಗಿ ಕೈಯಂದಾಜಿನ ಕೆಳಗಿನ ಅಂಚು ಸಾಕು. ಯಾವುದೂ ಇಲ್ಲದಿದ್ದರೆ ಮಗ್ಗಿನಲ್ಲಿ ತೊಟ್ಟಿಯ ನೀರನ್ನೇ ಎತ್ತಿ ಸ್ವಲ್ಪ ಮೇಲಿಂದ ಸುರಿಯುತ್ತಾ ಇರಿ. ಕರೆಂಟು ಬರುವ ತನಕ ಮೀನಿಗೆ ತಿನ್ನಲು ಹಾಕಬೇಡಿ. ತಿಂದದ್ದನ್ನು ಅರಗಿಸಲೂ ಆಮ್ಲಜನಕ ಬೇಕು.

## ಮನೆಯಲ್ಲೇ ಅಳೆಯಿರಿ

ತಂದ ಪಂಪ್ ನಿಜಕ್ಕೂ ಎಷ್ಟು ಗಾಳಿ ಕೊಡುತ್ತಿದೆ ಎಂದು ತಿಳಿಯಲು ಯಂತ್ರ ಬೇಡ. ಒಂದು ಲೀಟರಿನ ಖಾಲಿ ಬಾಟಲಿ ಮತ್ತು ಗಡಿಯಾರ ಸಾಕು. ಬಾಟಲಿಗೆ ತೊಟ್ಟಿಯ ನೀರನ್ನೇ ತುಂಬಿ, ಬಾಯಿಯನ್ನು ಕೈಯಿಂದ ಮುಚ್ಚಿ, ತಲೆಕೆಳಗಾಗಿ ನೀರಿನೊಳಗೆ ಇಳಿಸಿ. ಏರ್ ಸ್ಟೋನಿನಿಂದ ಏಳುವ ಗುಳ್ಳೆಗಳೆಲ್ಲ ಬಾಟಲಿಯ ಬಾಯೊಳಗೆ ಹೋಗುವಂತೆ ಹಿಡಿಯಿರಿ. ಬಾಯಿ ಕಿರಿದಾಗಿದ್ದು ಗುಳ್ಳೆ ತಪ್ಪಿಸಿಕೊಂಡರೆ ಒಂದು ಆಲಿಕೆ ಸಿಕ್ಕಿಸಿ. ಗಾಳಿ ಏರುತ್ತಾ ನೀರನ್ನು ಹೊರಗೆ ದೂಡುತ್ತದೆ. ಬಾಟಲಿ ಪೂರ್ತಿ ಖಾಲಿಯಾಗಲು ಎಷ್ಟು ಸೆಕೆಂಡ್ ಹಿಡಿಯಿತು ಎಂದು ನೋಡಿ. 60ನ್ನು ಆ ಸೆಕೆಂಡಿನಿಂದ ಭಾಗಿಸಿದರೆ ಬರುವುದೇ ನಿಮಿಷಕ್ಕೆ ಎಷ್ಟು ಲೀಟರ್ ಎನ್ನುವ ಅಂಕಿ. 30 ಸೆಕೆಂಡ್ ಹಿಡಿದರೆ 2 ಲೀಟರ್, 24 ಹಿಡಿದರೆ ಎರಡೂವರೆ.

ಇದು ನಿಮ್ಮ ತೊಟ್ಟಿಯ ಆಳದಲ್ಲಿ, ನಿಮ್ಮ ಕೊಳವೆ, ನಿಮ್ಮ ಸ್ಟೋನಿನೊಂದಿಗೆ ಬರುವ ಗಾಳಿ. ಡಬ್ಬದ ಮೇಲಿನ ಅಂಕಿಗಿಂತ ಕಮ್ಮಿಯೇ ಇರುತ್ತದೆ, ಅದು ಮೋಸವೇನಲ್ಲ. ಪಂಪ್ ತಂದ ದಿನವೇ ಈ ಅಂಕಿಯನ್ನು ಅದರ ಅಡಿಗೆ ಒಂದು ಚೀಟಿಯಲ್ಲಿ ಬರೆದು ಅಂಟಿಸಿಡಿ. ಕೆಲವು ತಿಂಗಳ ಮೇಲೆ ಮತ್ತೆ ಅಳೆದಾಗ ಗಾಳಿ ಕಮ್ಮಿಯಾಗಿದ್ದರೆ ಮೊದಲು ಏರ್ ಸ್ಟೋನ್ ಕಳಚಿ ಬರೀ ಕೊಳವೆಯಿಂದ ಅಳೆಯಿರಿ. ಗಾಳಿ ಜೋರಾಗಿ ಬಂದರೆ ಸ್ಟೋನ್ ಕಟ್ಟಿಕೊಂಡಿದೆ, ಅದನ್ನು ಬದಲಿಸಿ. ಆಗಲೂ ಕಮ್ಮಿಯೇ ಬಂದರೆ ಪಂಪಿನ ಗಾಳಿ ಎಳೆಯುವ ಕಡೆ ಇರುವ ಬಟ್ಟೆಯಂಥ ತುಂಡಿನ ಧೂಳು ಕೊಡವಿ, ಚೆಕ್ ವಾಲ್ವ್ ತೆಗೆದು ನೋಡಿ. ಅದಕ್ಕೂ ಬಗ್ಗದಿದ್ದರೆ ರಬ್ಬರ್ ಪೊರೆ ಸವೆದಿದೆ ಎಂದು ಲೆಕ್ಕ. ಹಲವು ಪಂಪುಗಳಿಗೆ ಪೊರೆ ಮಾತ್ರ ಬಿಡಿಯಾಗಿ ಸಿಗುತ್ತದೆ. ನಾಲ್ಕು ಸ್ಕ್ರೂ ಬಿಚ್ಚಿ ಬದಲಿಸುವ ಕೆಲಸ, ಪ್ಲಗ್ ಕಿತ್ತ ಮೇಲೆ.